ನಿಮಗಿದು ಗೊತ್ತೆ? ಪಾಳಿಗಾರರ ‘ಬೆಳಗಿನ ಮೂತ್ರ’ ಸಂಜೆಯದೂ ಆಗಬಹುದು

ರಾತ್ರಿಯಿಡೀ ದುಡಿದು ಹಗಲು ಮಲಗುವ ಮಹಿಳೆ ಮನೆಯಲ್ಲೇ ಬಸಿರಿನ ಪರೀಕ್ಷೆ ಮಾಡಿಕೊಳ್ಳುವಾಗ, ಪೊಟ್ಟಣದ ಮೇಲೆ ಹೇಳಿರುವ ‘ಬೆಳಗಿನ ಮೊದಲ ಮೂತ್ರ’ವನ್ನು ಸಂಜೆ 4 ಗಂಟೆಗೆ ಎದ್ದು ಹಿಡಿದರೂ ತಪ್ಪಾಗದು, ಏಕೆಂದರೆ ಬಸಿರು ನಿಂತ ಮೇಲೆ ಸ್ರವಿಸುವ ಎಚ್‌ಸಿಜಿ ಎಂಬ ಹಾರ್ಮೋನು ಹೊತ್ತು ನೋಡುವುದಿಲ್ಲ, ದೀರ್ಘ ನಿದ್ರೆಯಲ್ಲಿ ಮೂತ್ರ ಗಟ್ಟಿಯಾದಾಗ ಅದರ ಸಾಂದ್ರತೆ ಹೆಚ್ಚುತ್ತದೆ, ಅಷ್ಟೆ. ತಮಿಳುನಾಡಿನ ದಿಂಡಿಗಲ್, ತೇನಿ ಸುತ್ತಿನ ನೂಲಿನ ಗಿರಣಿಗಳ ಪಾಳಿಗಾರರಿಗೆ ಇದು ಒದಗುವ ಮಾತು.

ಕಾರ್ಟಿಸಾಲ್ ಮಾತ್ರ ಬೇರೆ. ಒತ್ತಡದ ಹಾರ್ಮೋನೆಂದು ಹೆಸರಾದ ಇದು ಎದ್ದ ಸುಮಾರು 30ರಿಂದ 45 ನಿಮಿಷಗಳಲ್ಲಿ ಏರುತ್ತದಾದರೂ, ಮೂಲತಃ ದೇಹದೊಳಗಿನ ಜೈವಿಕ ಗಡಿಯಾರಕ್ಕೆ ಕಟ್ಟುಬಿದ್ದಿದೆ. ಆ ಗಡಿಯಾರವು ಪಾಳಿ ಬದಲಾದೊಡನೆ ಬದಲಾಗದ ಕಾರಣ, ಪಾಳಿಗಾರರ ತಡರಾತ್ರಿಯ ಲಾಲಾರಸದ, ಅಂದರೆ ಜೊಲ್ಲಿನ, ಕಾರ್ಟಿಸಾಲ್ ಪರೀಕ್ಷೆಯನ್ನು ತಜ್ಞರು ನೆಚ್ಚುವುದಿಲ್ಲ. ಮಾದರಿ ಹಿಡಿದ ಹೊತ್ತಿನೊಂದಿಗೆ ಮಲಗಿ ಎದ್ದ ಹೊತ್ತನ್ನೂ ಬರೆದಿಡುವುದು ಲೇಸು.

ಇದೇ ಜೈವಿಕ ಗಡಿಯಾರವನ್ನು ಅರಿಯಲು ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಸಂಶೋಧಕ ಎಂ. ಕೆ. ಚಂದ್ರಶೇಖರನ್ ಅವರು ಗಡಿಯಾರವೂ ಹಗಲಿನ ಬೆಳಕೂ ಇಲ್ಲದ ಕೋಣೆಯಲ್ಲಿ ಸ್ವಯಂಸೇವಕರನ್ನು ಇರಿಸಿ, ಅವರು ಮಲಗುವ, ಏಳುವ ಲಯವನ್ನು ಗುರುತಿಸಿದ್ದರು. ಅಲ್ಲಿದ್ದ ಮಹಿಳೆಯೊಬ್ಬರ ಋತುಚಕ್ರವು ನಿದ್ರೆ-ಎಚ್ಚರಗಳ ಲಯದೊಂದಿಗೆ ಬೆಸೆದುಕೊಂಡಿಲ್ಲವೆಂದು ಅವರ ತಂಡ 1991ರಲ್ಲಿ ವರದಿ ಮಾಡಿತು.