ಬಿಜಾಪುರದ ಮಕ್ಕಳಿಗೆ ಆಕಾಶದಿಂದ ಇಳಿದ ಪಾಠ!

ಒಂದು ಪ್ರಶ್ನೆ. ಕರ್ನಾಟಕದಲ್ಲಿ ಟಿ.ವಿ. ಮುಂದೆ ಕೂತು ಪಾಠ ಕೇಳಿದ ಮೊದಲ ಮಕ್ಕಳು ಯಾವ ಕಡೆಯವರು?

ಬೆಂಗಳೂರು ಅಂದಿರಾ? ಅಲ್ಲ! ಮೈಸೂರು? ಅಲ್ಲವೇ ಅಲ್ಲ! ಹೋಗಲಿ, ಧಾರವಾಡ? ಊಹೂಂ!

ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆಯ ಹಳ್ಳಿ ಹುಡುಗರು! ಜೊತೆಗೆ ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹುಡುಗರು. ಶುರುವಾದದ್ದು 1975ರ ಆಗಸ್ಟ್ 1ರಂದು. ಕೋಲ್ಕತ್ತದ ದೂರದರ್ಶನ ಕೇಂದ್ರವೇ ಇನ್ನೂ ಹುಟ್ಟಿರಲಿಲ್ಲ, ಅದಕ್ಕೆ ಎಂಟು ದಿನ ಬಾಕಿ ಇತ್ತು. ಬೆಂಗಳೂರಿಗೆ ಕೇಂದ್ರ ಬಂದದ್ದು ಯಾವಾಗ ಗೊತ್ತೇ? 1981ರಲ್ಲಿ! ರಾಜಧಾನಿಗಿಂತ ಆರು ವರ್ಷ ಮುಂದಿದ್ದವು ನಮ್ಮ ಸಾಲಿಗಳು! ಇನ್ನೂ ಸೋಜಿಗ ಕೇಳಿ: ಈ ಜಿಲ್ಲೆಗಳನ್ನು ಆರಿಸಿದ್ದೇ ಇವು ಹಿಂದುಳಿದವು ಎಂಬ ಕಾರಣಕ್ಕೆ.

ಈಗ ಇನ್ನೊಂದು ಊಹೆ. ಆ ಪಾಠ ಬರುತ್ತಿದ್ದದ್ದು ಎಲ್ಲಿಂದ?

ಹತ್ತಿರದಲ್ಲಿ ಟಿ.ವಿ. ಟವರ್ ಇರಲಿಲ್ಲ. ಕೇಬಲ್ ಅನ್ನುವ ಮಾತೇ ಇರಲಿಲ್ಲ. ಮೇಲೆ ನೋಡಿ! ಇನ್ನೂ ಮೇಲೆ! ಆಫ್ರಿಕಾದ ನೆತ್ತಿಯ ಮೇಲೆ, ಸಮಭಾಜಕ ವೃತ್ತದಿಂದ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ ನಿಂತಿದ್ದ ಅಮೆರಿಕದ ಉಪಗ್ರಹ ಎಟಿಎಸ್-6ರಿಂದ! ಅಹಮದಾಬಾದಿನ ಭೂಕೇಂದ್ರ ಪಾಠವನ್ನು ಮೇಲಕ್ಕೆ ಎಸೆಯುತ್ತಿತ್ತು. ಉಪಗ್ರಹ ಅದನ್ನು ಹಿಡಿದು ನೇರವಾಗಿ ಹಳ್ಳಿಯ ಟಿ.ವಿ.ಗೆ ಇಳಿಸುತ್ತಿತ್ತು. ಆರು ರಾಜ್ಯ, 2,400 ಹಳ್ಳಿ! ಇಷ್ಟು ದೊಡ್ಡ ಪ್ರಮಾಣದಲ್ಲಿ ಜಗತ್ತಿನ ಯಾವ ದೇಶವೂ ಅದಕ್ಕೆ ಮೊದಲು ಈ ಸಾಹಸ ಮಾಡಿರಲಿಲ್ಲ. ಹೆಸರು ಸೈಟ್. ಕನಸು ಕಂಡವರು ವಿಕ್ರಂ ಸಾರಾಭಾಯಿ. ಕನಸು ನನಸಾಗುವುದನ್ನು ನೋಡಲು ಅವರೇ ಇರಲಿಲ್ಲ, 1971ರಲ್ಲೇ ತೀರಿಕೊಂಡಿದ್ದರು.

ಉಪಗ್ರಹದ ಆ ಪ್ರಸಾರಕದ ಶಕ್ತಿ ಎಷ್ಟಿರಬಹುದು? ಸಾವಿರ ವ್ಯಾಟ್? ಹತ್ತು ಸಾವಿರ?

ಸುಮಾರು 80 ವ್ಯಾಟ್! ನಮ್ಮ ಮನೆಯ ಹಳೇ ಬಲ್ಬಿನಷ್ಟು! ಆ ಇಷ್ಟೇ ಇಷ್ಟು ಶಕ್ತಿ ಚೆಲ್ಲಾಡದೆ ನಮ್ಮ ಕಡೆಗೇ ಬೀಳುವಂತೆ ಮಾಡಿದ್ದು ಬಾಹ್ಯಾಕಾಶದಲ್ಲಿ ಬಿಚ್ಚಿಕೊಂಡ 9 ಮೀಟರ್ ಅಗಲದ ಆಂಟೆನಾ. ಇಳಿದುಬಂದದ್ದನ್ನು ಊರಲ್ಲಿ ಹಿಡಿದದ್ದು? ಕೋಳಿಗೂಡಿಗೆ ಬಿಗಿಯುತ್ತಾರಲ್ಲ, ಅದೇ ತಂತಿ ಜಾಲರಿ! ಅದನ್ನೇ 3 ಮೀಟರ್ ಅಗಲದ ಚೌಕಟ್ಟಿಗೆ ಬಿಗಿದು ಡಿಶ್ ಮಾಡಿದ್ದರು. ಅಗ್ಗ, ಹಗುರ, ಗಾಳಿ ಬೀಸಿದರೆ ಜಾಲರಿಯ ಕಣ್ಣುಗಳಲ್ಲೇ ತೂರಿ ಹೋಗುತ್ತದೆ. ಎಂಥ ತಲೆ!

ಬೆಳಗ್ಗೆ ಒಂದೂವರೆ ಗಂಟೆ ಸಾಲಿ ಮಕ್ಕಳಿಗೇ ಮೀಸಲು. ಹಿಂದಿ, ಒರಿಯಾ, ತೆಲುಗು, ಕನ್ನಡ. ಒಂದೊಂದು ಭಾಷೆಗೆ ಸರಿಯಾಗಿ ಇಪ್ಪತ್ತೆರಡೂವರೆ ನಿಮಿಷ! 5ರಿಂದ 12 ವರ್ಷದ ಮಕ್ಕಳು ಕಣ್ಣು ಮಿಟುಕಿಸದೆ ನೋಡಬೇಕಾದ ಇಪ್ಪತ್ತೆರಡೂವರೆ ನಿಮಿಷ. ನಿಮ್ಮ ಊರಲ್ಲಿ ಅರವತ್ತರ ಆಸುಪಾಸಿನ ಹಿರಿಯರಿದ್ದರೆ ಇವತ್ತೇ ಕೇಳಿ ನೋಡಿ!

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಪಗ್ರಹವಲ್ಲ. ಟಿ.ವಿ. ಪೆಟ್ಟಿಗೆ ತಂದಿಟ್ಟು ಸೈಟ್ ನಡೆಸಿದವರು ಕೈ ತೊಳೆದುಕೊಳ್ಳಲಿಲ್ಲ! ಮಾಸ್ತರರಿಗೂ ಪಾಠ ನಡೆಯಿತು. ಎರಡು ಸುತ್ತು, ತಲಾ 12 ದಿನ. ಟಿ.ವಿ., ರೇಡಿಯೊ, ಅಚ್ಚಿನ ಪುಸ್ತಕ, ಜೊತೆಗೆ ಕೈಯಾರೆ ಮಾಡುವ ಪ್ರಯೋಗ. ವಿಜ್ಞಾನ ಕಲಿಸುವುದನ್ನು ಹೀಗೆ ಕಲಿತ ಪ್ರಾಥಮಿಕ ಶಾಲಾ ಶಿಕ್ಷಕರು ಸುಮಾರು 50 ಸಾವಿರ! ಇಂದು ತರಗತಿಗೆ ಸ್ಮಾರ್ಟ್ ಬೋರ್ಡ್ ತರಿಸುವ ಪ್ರತಿಯೊಬ್ಬರೂ ಈ ಲೆಕ್ಕವನ್ನು ಒಮ್ಮೆ ನೋಡಬೇಕು.

1976ರ ಜುಲೈ 31ಕ್ಕೆ ಅಮೆರಿಕದ ಜೊತೆಗಿನ ಒಪ್ಪಂದದ ವರ್ಷ ಮುಗಿಯಿತು. ಉಪಗ್ರಹ ವಾಪಸ್ ಹೋಯಿತು.

ಈಗ ಇಂದಿಗೆ ಬನ್ನಿ. ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡ್ ಇದೆ. ಫೋನ್ ಹಿಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದ ಪಾಠ ತೆರೆದುಕೊಳ್ಳುತ್ತದೆ. ಒಳ್ಳೆಯದೇ! ಆದರೆ ಅದೇ ಫೋನು ಇನ್ನೂ ದೊಡ್ಡ ಚಮತ್ಕಾರ ಮಾಡಬಲ್ಲದು. ತಿಕೋಟಾ, ಬಬಲೇಶ್ವರದ ಗುರುಗಳೇ, ಕೇಳಿಸಿಕೊಳ್ಳಿ! ನಿಮಗೆ ಪ್ರಯೋಗಾಲಯ ಕಟ್ಟಿಸುವ ಖರ್ಚೇ ಇಲ್ಲ. 1656ರಲ್ಲೇ ಕಟ್ಟಿ ಇಟ್ಟಿದ್ದಾರೆ, ವಿಜಯಪುರಕ್ಕೆ ಬಸ್ ಹತ್ತಿದರೆ ಸಾಕು!

ಗೋಳಗುಮ್ಮಟ! ಏಳಂತಸ್ತಿನ ಮಿನಾರಿನ ಮೆಟ್ಟಿಲು ಹತ್ತಿಸಿ ಮಕ್ಕಳನ್ನು ಪಿಸುಗುಟ್ಟುವ ಗ್ಯಾಲರಿಗೆ ಕರೆತನ್ನಿ. ಫೋನಿನಲ್ಲಿ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇರಲಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಫೋನನ್ನೇ ಅಳತೆಯ ಸಾಧನ ಮಾಡಿಬಿಡುತ್ತದೆ. ಬರಿ ಧ್ವನಿಮುದ್ರಣ ಮಾಡಿ ಅಲೆಯ ಚಿತ್ರ ನೋಡಿದರೂ ನಡೆದೀತು. ಒಂದೇ ಒಂದು ಚಪ್ಪಾಳೆ ತಟ್ಟಿ! ಪರದೆಯ ಮೇಲೆ ಒಂದು ಉಬ್ಬು. ಎದುರು ಗೋಡೆಗೆ ಬಡಿದು ಮರಳಿದಾಗ ಇನ್ನೊಂದು. ನಡುವಿನ ಸಮಯ ಅಳೆಯಿರಿ.

ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಹೋಗಿ ಬಂದರೆ 76 ಮೀಟರ್. ಶಬ್ದಕ್ಕೆ ಬೇಕಾಗುವುದು 0.22 ಸೆಕೆಂಡ್.

ಈಗ ಉಸಿರು ಬಿಗಿಹಿಡಿಯಿರಿ! 1975ರ ಆ ಪಾಠ ಅಹಮದಾಬಾದಿನಿಂದ ಉಪಗ್ರಹಕ್ಕೆ ಓರೆಯಾಗಿ ಏರಿ ಬಿಜಾಪುರಕ್ಕೆ ಇಳಿಯಲು ಕ್ರಮಿಸುತ್ತಿದ್ದ ದೂರ ಎಷ್ಟು? ಸುಮಾರು 76 ಸಾವಿರ ಕಿ.ಮೀ.! ಬೆಳಕಿನ ವೇಗದ ರೇಡಿಯೊ ಅಲೆಗೆ ಬೇಕಾಗುತ್ತಿದ್ದ ಸಮಯ? 0.25 ಸೆಕೆಂಡ್!

ಅಲ್ಲಿ 76 ಸಾವಿರ ಕಿಲೋಮೀಟರ್, ಇಲ್ಲಿ 76 ಮೀಟರ್. ಎರಡೂ ಪಯಣ ಕಾಲು ಸೆಕೆಂಡಿನ ಆಸುಪಾಸಿನಲ್ಲೇ ಮುಗಿದವು! ಬೆಳಕು ಶಬ್ದಕ್ಕಿಂತ ಎಷ್ಟು ವೇಗ ಎಂದು ಕಲಿಸಲು ಇದಕ್ಕಿಂತ ಚೆಂದದ ಲೆಕ್ಕ ನನಗಂತೂ ಸಿಕ್ಕಿಲ್ಲ. ಹುಡುಗರೇ ಭಾಗಿಸಲಿ. ಸುಮಾರು ಒಂಬತ್ತು ಲಕ್ಷ ಪಟ್ಟು ಎಂಬ ಉತ್ತರ ಅವರ ಬಾಯಿಂದಲೇ ಬರಲಿ!

ಮುಗಿಯಿತು ಅಂದುಕೊಂಡಿರಾ? ಇಲ್ಲ! ಗಾಳಿ ಬಿಸಿಯಾದಷ್ಟೂ ಶಬ್ದ ಚುರುಕು. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 35 ಡಿಗ್ರಿಯಲ್ಲಿ 352. ಅಂದರೆ ಚಳಿಗಾಲದ ಬೆಳಗಿಗಿಂತ ಬೇಸಿಗೆಯ ಮಧ್ಯಾಹ್ನ ಪ್ರತಿಧ್ವನಿ ಬೇಗ ಮರಳುತ್ತದೆ! ಎಷ್ಟು ಬೇಗ? ಸುಮಾರು 6 ಮಿಲಿಸೆಕೆಂಡ್. ಕಿವಿಗೆ ಸಿಕ್ಕದು. ಆದರೆ ಫೋನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯುತ್ತದೆ. ಆ 6 ಮಿಲಿಸೆಕೆಂಡಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಅಳತೆ! ಗೋಳಗುಮ್ಮಟವೇ ಥರ್ಮಾಮೀಟರ್ ಆಯಿತಲ್ಲ!

ಮಂದಿ ಸೇರುವ ಮೊದಲು, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಒಂದು ನಿಜವಾದ ಥರ್ಮಾಮೀಟರನ್ನೂ ಒಯ್ಯಿರಿ, ಆದರೆ ಮಕ್ಕಳಿಗೆ ತೋರಿಸಬೇಡಿ. ಚಪ್ಪಾಳೆಯ ಲೆಕ್ಕದಿಂದ ಅವರು ಮೊದಲು ಡಿಗ್ರಿ ಹೇಳಲಿ. ಯಾರ ಉತ್ತರ ಹತ್ತಿರ ಬರುತ್ತದೋ, ಪಂದ್ಯ ಕಟ್ಟಿ!