ವಿದ್ಯುತ್ ಹರಿಯುವಾಗಲೇ ನೋಡುವವರು

ಧಾರವಾಡದ ಹತ್ತಿರದ ಮುಗದದ ಮನೆಮನೆಯಲ್ಲೂ ಒಲೆಯ ಪಕ್ಕ ಗ್ಯಾಸ್ ಲೈಟರ್ ಇರುತ್ತದೆ. ಅದರೊಳಗೆ ಬ್ಯಾಟರಿ ಇಲ್ಲ. ಸೀಸ, ಜಿರ್ಕೋನಿಯಂ, ಟೈಟೇನಿಯಂ ಬೆರೆತ ಪಿಂಗಾಣಿಯ ಪುಟ್ಟ ತುಂಡಿದೆ. ಪೆಟ್ಟು ಬಿದ್ದೊಡನೆ ಸಾವಿರಾರು ವೋಲ್ಟ್ ಹುಟ್ಟಿ ಕಿಡಿ ಹಾರುತ್ತದೆ. ಆ ಪಿಂಗಾಣಿ ಫೆರೋಎಲೆಕ್ಟ್ರಿಕ್ ವಸ್ತು. ಇಂಥ ಹರಳುಗಳಲ್ಲಿ ಧನ, ಋಣ ವಿದ್ಯುದಂಶಗಳು ಒಂದಕ್ಕೊಂದು ತುಸು ಸರಿದು ಕೂತಿರುತ್ತವೆ. ವೋಲ್ಟೇಜ್ ಕೊಟ್ಟು ಅವು ಸರಿದ ದಿಕ್ಕನ್ನು ತಿರುಗಿಸಬಹುದು, ಕೊಟ್ಟದ್ದನ್ನು ತೆಗೆದರೂ ದಿಕ್ಕು ಹಾಗೇ ಉಳಿಯುತ್ತದೆ. ಮೆಮೊರಿ ಚಿಪ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೇ?

ಒಂದೇ ದಿಕ್ಕಿಗೆ ಮುಖ ಮಾಡಿದ ಪ್ರದೇಶವನ್ನು ಡೊಮೇನ್ ಎನ್ನುತ್ತಾರೆ. ಎರಡು ಡೊಮೇನ್‌ಗಳ ನಡುವಿನ ಗಡಿ ಕೆಲವೇ ನ್ಯಾನೊಮೀಟರ್ ದಪ್ಪ, ಬೆಳಕಿನ ಸೂಕ್ಷ್ಮದರ್ಶಕಕ್ಕೆ ನಿಲುಕದಷ್ಟು ಕಿರಿದು. ಅದನ್ನು ನೋಡುವ ಕೆಲಸ ನಡೆದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ. ಬಳಕೆಯ ಹೆಸರು 'ಸೆನ್ಸ್'.

ನೋಡುವುದಕ್ಕೆ ಒಂದು ದಾರಿ ಮುಟ್ಟುವುದು. ನ್ಯಾನೊ ಗಾತ್ರದ ಮೊನೆಯೊಂದನ್ನು ಮೇಲ್ಮೈಗೆ ತಾಗಿಸಿ ಏರಿಳಿಯುವ ವೋಲ್ಟೇಜ್ ಕೊಟ್ಟರೆ ಹರಳು ಉಬ್ಬಿ ಕುಗ್ಗುತ್ತದೆ. ಆ ಅಲ್ಪ ಕಂಪನವೇ ಡೊಮೇನ್‌ಗಳ ನಕ್ಷೆಯಾಗುತ್ತದೆ. ಇನ್ನೊಂದು ದಾರಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ನೂರು ನ್ಯಾನೊಮೀಟರಿಗಿಂತ ತೆಳುವಾದ ಮಾದರಿಯನ್ನು ಎಲೆಕ್ಟ್ರೋಡ್‌ಗಳಿರುವ ಪುಟ್ಟ ಚಿಪ್‌ನ ಮೇಲೆ ಕೂರಿಸಿ, ನಿರ್ವಾತದೊಳಕ್ಕೆ ಇಳಿಸಿ, ವಿದ್ಯುತ್ ಹರಿಸುತ್ತಲೇ ನೋಡುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದ ಚಿತ್ರದಲ್ಲಿ ಆದದ್ದು ಮಾತ್ರ ಕಾಣುತ್ತದೆ, ಆಗುತ್ತಿರುವುದು ಕಾಣುವುದಿಲ್ಲ. ಈ ವ್ಯತ್ಯಾಸವೇ ನನಗೆ ಇಡೀ ವಿದ್ಯೆಯ ತಿರುಳಾಗಿ ಕಾಣುತ್ತದೆ.

ಇದಕ್ಕೆ 2024ರ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪ್ರಬಂಧವೇ ಸಾಕ್ಷಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿತೇಶ್ ಅಗರ್ವಾಲ್ ಅವರ ಪ್ರಯೋಗಾಲಯದಲ್ಲಿ ಇಂಡಿಯಂ ಸೆಲೆನೈಡ್ ಎಂಬ ಫೆರೋಎಲೆಕ್ಟ್ರಿಕ್ ವಸ್ತುವಿನ ನ್ಯಾನೊ ತಂತಿಗಳು ಬರಿಯ ನೇರ ವಿದ್ಯುತ್ತಿಗೇ ಹರಳಿನ ರೂಪ ಕಳೆದುಕೊಂಡು ಗಾಜಾದವು. ತಂತಿ ಕೆಟ್ಟಿತೆಂದೇ ಮೊದಲು ಎಣಿಸಿದ್ದರು. ಹರಳನ್ನು ಗಾಜಾಗಿಸಲು ಸಾಮಾನ್ಯವಾಗಿ ಕರಗಿಸಿ ಥಟ್ಟನೆ ತಣಿಸಬೇಕು, ಅದಕ್ಕೆ ತುಂಬ ವಿದ್ಯುತ್ ಬೇಕು. ಇಲ್ಲಿ ಕರಗುವ ಪ್ರಸಂಗವೇ ಇಲ್ಲ!

ಕಾರಣ ಹುಡುಕಿದ್ದು 'ಸೆನ್ಸ್'ನ ಪವನ್ ನುಕಲ ಅವರ ತಂಡದ ಸೂಕ್ಷ್ಮದರ್ಶಕಗಳು. ವಿದ್ಯುತ್ ಹರಿದಂತೆ ಪದರಗಳು ಜಾರುತ್ತವೆ, ಡೊಮೇನ್‌ಗಳು ಹುಟ್ಟಿ ಗಡಿಗಳು ಒಂದಕ್ಕೊಂದು ತಾಗುತ್ತವೆ, ಒತ್ತಡ ಮಿತಿ ಮೀರಿದಾಗ ಭೂಕಂಪದಂಥ ಅಲೆ ಎದ್ದು ಸುತ್ತಲಿನ ಹರಳನ್ನು ಗಾಜಾಗಿಸುತ್ತದೆ. ಇದಕ್ಕೆ ಬೇಕಾದ ವಿದ್ಯುತ್ ಶಕ್ತಿಯ ಸಾಂದ್ರತೆ ಹಳೆಯ ವಿಧಾನಕ್ಕಿಂತ ನೂರು ಕೋಟಿ ಪಟ್ಟಿನವರೆಗೂ ಕಡಿಮೆ. ಮುಂದಿನ ಮೊಬೈಲು, ಕಂಪ್ಯೂಟರುಗಳ ಮೆಮೊರಿಗೆ ಇದೆಷ್ಟು ದೊಡ್ಡ ಸುದ್ದಿಯೆಂದು ಊಹಿಸಬಹುದು.

ಇಂಥ ಉಪಕರಣಗಳನ್ನು ಪ್ರತಿ ಕಾಲೇಜೂ ಕೊಳ್ಳಲಾಗದು. ಆದ್ದರಿಂದಲೇ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆ 2008ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಆರಂಭಿಸಿದ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ ಮುಖ್ಯ. ಹೊರಗಿನ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ತರಬೇತಿ ಪಡೆದು ಅಲ್ಲಿಯ ಯಂತ್ರಗಳಲ್ಲೇ ಕೆಲಸ ಮಾಡಲು ಅದು ದಾರಿ ಮಾಡಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮುಗದದ ಆಸುಪಾಸಿನ ಚಿಕ್ಕಮಲ್ಲಿಗವಾಡದಲ್ಲಿರುವ ಐಐಟಿಯಲ್ಲಿ ಭೌತವಿಜ್ಞಾನ ಓದುತ್ತಿರುವ ಹುಡುಗ ಹುಡುಗಿಯರು ಈ ಬಾಗಿಲನ್ನು ತಟ್ಟಬೇಕು.