ಕವಾಟದ ಮೇಲೆ ದೂರು, ವೈರಿನ ಕಿತಾಪತಿ

ಜಾರ್ಜಿಯಾದಲ್ಲಿ ಕಾರಿನ ನೋಂದಣಿ ನವೀಕರಿಸಲು ಕೊನೆಯ ದಿನ ಮಾಲೀಕರ ಹುಟ್ಟುಹಬ್ಬ. ಅಟ್ಲಾಂಟಾದ ಕನ್ನಡಿಗರು ಕೇಕ್ ಕತ್ತರಿಸುವ ಮೊದಲು ಕಾರಿಗೆ ಎಮಿಷನ್ ಟೆಸ್ಟ್ ಮಾಡಿಸಿರಬೇಕು. ಆಲ್ಫರೆಟ್ಟಾ ಇರುವ ಫುಲ್ಟನ್, ಕಮಿಂಗ್ ಇರುವ ಫೋರ್ಸೈತ್ ಸೇರಿ ನಗರದ ಸುತ್ತಲಿನ 13 ಕೌಂಟಿಗಳಿಗೆ ಈ ನಿಯಮ. ‘ಜಾರ್ಜಿಯಾಸ್ ಕ್ಲೀನ್ ಏರ್ ಫೋರ್ಸ್’ ಎಂಬ ಸರ್ಕಾರಿ ಯೋಜನೆ ಇದನ್ನು ನಡೆಸುತ್ತದೆ. ತೀರಾ ಹೊಸ ಕಾರುಗಳಿಗೂ 25 ವರ್ಷ ದಾಟಿದವಕ್ಕೂ ವಿನಾಯಿತಿ. ವಾಷಿಂಗ್ಟನ್ ಮಗ್ಗುಲಿನ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲೂ ಉಂಟು. ಅಲ್ಲೇ ಗಡಿಯಾಚೆ, ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿ ಮನೆ ಮಾಡಿದವರಿಗೆ ಈ ತಾಪತ್ರಯವೇ ಇಲ್ಲ.

ಬೆಂಗಳೂರಿನ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಲ್ಲುವ ವ್ಯಾನಿನವರು ಸೈಲೆನ್ಸರಿಗೆ ಕೊಳವೆ ತೂರಿಸಿ ಹೊಗೆ ಅಳೆದು ಚೀಟಿ ಕೊಡುತ್ತಾರಲ್ಲ, ಅಟ್ಲಾಂಟಾದ ಪದ್ಧತಿ ಹಾಗಲ್ಲ. 1996ರಿಂದೀಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಕೇಬಲ್ ಸಿಕ್ಕಿಸಿ ಕಾರಿನ ಕಂಪ್ಯೂಟರನ್ನೇ ವಿಚಾರಿಸುತ್ತಾರೆ. ‘ಚೆಕ್ ಇಂಜಿನ್’ ದೀಪ ಉರಿಯುತ್ತಿದ್ದರೆ ಫೇಲು. ಹಳೆಯ ಕಾರುಗಳಲ್ಲಿ ಆ ದೀಪ ಹೊತ್ತಿಸುವ ಖಾಯಂ ಆಸಾಮಿಗಳಲ್ಲಿ ಒಂದು ಇಜಿಆರ್, ಅಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್ ಕವಾಟ.

ಸುಟ್ಟ ಹೊಗೆಯಲ್ಲಿ ಸ್ವಲ್ಪ ಪಾಲನ್ನು ಮತ್ತೆ ಇಂಜಿನ್ನಿಗೇ ಉಣಿಸುವುದು ಇದರ ಕೆಲಸ. ಕೇಳಲು ವಿಚಿತ್ರ, ಆದರೆ ಲೆಕ್ಕಾಚಾರ ಸರಿಯಾಗಿದೆ. ಸಿಲಿಂಡರಿನೊಳಗಿನ ಉರಿ ಸುಮಾರು 1,370 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಗಾಳಿಯಲ್ಲಿನ ನೈಟ್ರೋಜನ್ನೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳು ಹೇರಳವಾಗಿ ಹುಟ್ಟುತ್ತವೆ. ಒಮ್ಮೆ ಸುಟ್ಟ ಹೊಗೆ ಮತ್ತೆ ಸುಡುವುದಿಲ್ಲ. ಸುಮ್ಮನೆ ಜಾಗ ಹಿಡಿದು, ಶಾಖ ಹೀರಿಕೊಂಡು, ಉರಿಯನ್ನು ತಗ್ಗಿಸುತ್ತದೆ. 1970ರ ಶುದ್ಧ ಗಾಳಿ ಕಾಯ್ದೆಯ ಬೆನ್ನಿಗೇ, ಆ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಕಾರುಗಳಿಗೆ ಈ ಕವಾಟ ಬಂತು.

ಅಟ್ಲಾಂಟಾಗೆ ಇದು ಬೇರೆ ಊರುಗಳಿಗಿಂತ ಒಂದು ಕೈ ಹೆಚ್ಚೇ ಮುಖ್ಯ, ಅದಕ್ಕೆ ಕಾರಣ ಅಲ್ಲಿಯ ಮರಗಳು. ನೆಲಮಟ್ಟದ ಓಜೋನ್ ಹುಟ್ಟಲು ಬಿಸಿಲಿನ ಜೊತೆಗೆ ಎರಡು ಸರಕು ಬೇಕು: ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್. ಜಾರ್ಜಿಯಾ ಟೆಕ್‌ನ ವಿಲಿಯಂ ಚಮೈಡಿಸ್ ಮತ್ತು ಸಂಗಡಿಗರು 1988ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟಂತೆ, ಮೊದಲನೆಯದನ್ನು ಆ ಊರಿನ ಕಾಡು ತಾನೇ ಧಾರಾಳವಾಗಿ ಒದಗಿಸುತ್ತದೆ. ಮರ ಕಡಿಯುವಂತಿಲ್ಲ, ಎರಡನೆಯದನ್ನು ಕಾರುಗಳಲ್ಲಿ, ವಿದ್ಯುತ್ ಸ್ಥಾವರಗಳಲ್ಲಿ ಹಿಡಿಯಬೇಕು.

ದೀಪ ಹೊತ್ತಿತು, ಸ್ಕ್ಯಾನರ್ ‘ಪಿ0401’ ಎಂಬ ಕೋಡ್ ತೋರಿಸಿತು ಅನ್ನೋಣ. ಅರ್ಥ: ಬರಬೇಕಾದಷ್ಟು ಹೊಗೆ ಬರುತ್ತಿಲ್ಲ. ಅಷ್ಟೇ. ಕವಾಟ ಕೆಟ್ಟಿದೆ ಎಂದು ಅದು ಹೇಳಲಿಲ್ಲ. ಆದರೂ ಬಹಳಷ್ಟು ಮಂದಿ ನೇರ ಅಂಗಡಿಗೆ ಓಡಿ ಹೊಸ ಕವಾಟ ತಂದು ಕೂರಿಸುತ್ತಾರೆ, ಮೂರನೆಯ ದಿನ ದೀಪ ಮತ್ತೆ ಉರಿಯುತ್ತದೆ. ತನಿಖೆ ಮಾಡದೆ ಶಿಕ್ಷೆ ಕೊಡುವ ಈ ಚಾಳಿ ನಮ್ಮೂರ ಗ್ಯಾರೇಜುಗಳಲ್ಲೂ ಕಡಿಮೆಯಿಲ್ಲ.

ಬಲ್ಲವರು ಮೊದಲು ನೋಡುವುದು ದಾರಿಯನ್ನು. ಹಳೆಯ ಮಾದರಿಯ ಕವಾಟವಾದರೆ ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಪುಟ್ಟ ಕೈಪಂಪಿನಿಂದ ಅದರ ನೆತ್ತಿಯ ಗಾಳಿ ಎಳೆಯುತ್ತಾರೆ. ಕವಾಟ ತೆರೆದು ಹೊಗೆ ಒಳನುಗ್ಗಿದರೆ ಇಂಜಿನ್ ತಡವರಿಸಿ ಆಫ್ ಆಗಬೇಕು. ಕವಾಟ ತೆರೆದೂ ಇಂಜಿನ್ ಏನೂ ಆಗದಂತೆ ಓಡುತ್ತಿದ್ದರೆ ಹೊಗೆಯ ದಾರಿಯಲ್ಲಿ ಮಸಿ ಕಟ್ಟಿದೆ ಎಂದೇ ಲೆಕ್ಕ. 1998ರಿಂದ 2002ರವರೆಗಿನ ನಾಲ್ಕು ಸಿಲಿಂಡರಿನ ಹೋಂಡಾ ಅಕಾರ್ಡ್ ಇದಕ್ಕೆ ಹೆಸರುವಾಸಿ. ಕಡಿಮೆ ಬೆಲೆಗೆ ಸಿಗುವ ಗಟ್ಟಿ ಕಾರು ಎಂದು ಎಷ್ಟೋ ವಿದ್ಯಾರ್ಥಿಗಳು ಕೊಂಡ ಮೊದಲ ಗಾಡಿ ಅದು. ಅದರ ಇಂಟೇಕ್ ಮ್ಯಾನಿಫೋಲ್ಡಿನ ಸಣ್ಣ ತೂತುಗಳು ಮುಚ್ಚಿಕೊಂಡಿರುತ್ತವೆ. ಕ್ಲೀನರ್ ಸಿಂಪಡಿಸಿ, ಗಟ್ಟಿ ತಂತಿಯಿಂದ ಕೆರೆದು ತೆಗೆದರೆ ಮುಗಿಯಿತು.

ವಿದ್ಯುತ್ತಿನಿಂದ ನಡೆಯುವ ಕವಾಟವಾದರೆ ಕೆಲಸ ನಾಜೂಕು. ಸಾಮಾನ್ಯವಾಗಿ ಐದು ವೈರು: ಎರಡು ಕಾಯಿಲ್‌ಗೆ, ಮೂರು ಕವಾಟ ಎಷ್ಟು ಎದ್ದಿದೆ ಎಂದು ಹೇಳುವ ಸೆನ್ಸರಿಗೆ. ಇಗ್ನಿಷನ್ ಕೀ ಆನ್, ಇಂಜಿನ್ ಆಫ್. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಸೆನ್ಸರಿನ ಒಂದು ವೈರಿನಲ್ಲಿ 5 ವೋಲ್ಟ್ ಬರಬೇಕು, ಇನ್ನೊಂದು ಗಟ್ಟಿ ಅರ್ತ್ ಆಗಿರಬೇಕು. ಮತ್ತೆ ಜೋಡಿಸಿ ಮೂರನೆಯದನ್ನು ನೋಡಿದರೆ, ಕವಾಟ ಮುಚ್ಚಿದಾಗ ಸುಮಾರು 1 ವೋಲ್ಟ್ ಅಥವಾ ಕಡಿಮೆ. ಎದ್ದಂತೆಲ್ಲ ಅಂಕಿ ನಯವಾಗಿ ಏರಿ 4 ವೋಲ್ಟ್ ದಾಟಬೇಕು. ನಡುವೆ ಗಕ್ಕನೆ ಜಿಗಿದರೆ ಸೆನ್ಸರ್ ಸವೆದಿದೆ.

ಕಾಯಿಲ್ ವೈರಿನಲ್ಲಿ ಮಾತ್ರ ಮೀಟರನ್ನೇ ನಂಬಿ ಕೂರಬಾರದು. ತುಕ್ಕು ತಿಂದು, ಹತ್ತಾರು ಎಳೆಗಳ ತಾಮ್ರದಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ಎಂದೇ ತೋರಿಸುತ್ತದೆ. ನಲ್ಲಿ ಮುಚ್ಚಿದ್ದಾಗ ಸಣ್ಣ ಪೈಪಿನಲ್ಲೂ ನೀರಿನ ಒತ್ತಡ ಪೂರ್ತಿ ಇರುವಂತೆ. ಅದಕ್ಕೇ ಅನುಭವಿಗಳು ಒಂದು ಬಲ್ಬು ಸಿಕ್ಕಿಸುತ್ತಾರೆ: ಪ್ರಖರವಾಗಿ ಉರಿದರೆ ವೈರು ಗಟ್ಟಿ, ಮಿಣುಕಾಡಿದರೆ ಕಿತಾಪತಿ ಅಲ್ಲೇ ಇದೆ. ಮೀಟರ್ ನೋಡುತ್ತ ವೈರಿನ ಕಟ್ಟನ್ನು ಉದ್ದಕ್ಕೂ ಮೆಲ್ಲನೆ ಅಲ್ಲಾಡಿಸುವುದೂ ಉಂಟು. ಇಂಜಿನ್ ಶಾಖಕ್ಕೆ ಗಟ್ಟಿಯಾಗಿ ಬಿರುಕುಬಿಟ್ಟ ಹೊದಿಕೆ, ಬಾನೆಟ್ ಒಳಗೆ ಸೇರಿಕೊಂಡ ಇಲಿ ಕಡಿದ ಗುರುತು ಆಗ ಕೈಗೆ ಸಿಗುತ್ತವೆ.

ಮೀಟರೂ ಬಲ್ಬೂ ಸೇರಿ ಆಗುವ ಖರ್ಚು ಒಂದು ಹೊಸ ಕವಾಟದ ಬೆಲೆಯ ಸಣ್ಣ ಪಾಲು. ಅಮೆರಿಕದಲ್ಲಿ ಮೆಕ್ಯಾನಿಕ್‌ನ ಕೂಲಿ ಗಂಟೆಯ ಲೆಕ್ಕ. ಹಾಗಾಗಿ ಈ ಪರೀಕ್ಷೆಗಳನ್ನು ತಾವೇ ಕಲಿತವರು ಬೇಗ ದುಡ್ಡು ಉಳಿಸುತ್ತಾರೆ.

ರಿಪೇರಿ ಆದ ಕೂಡಲೇ ಕೋಡ್ ಅಳಿಸಿ ಪರೀಕ್ಷೆಗೆ ಓಡಿದರೆ ಪ್ರಯೋಜನವಿಲ್ಲ. ಅಳಿಸಿದಾಗ ಕಂಪ್ಯೂಟರಿನ ಸ್ವಯಂತಪಾಸಣೆಯ ದಾಖಲೆಯೂ ಅಳಿಸಿಹೋಗುತ್ತದೆ. 2001ರಿಂದೀಚಿನ ಕಾರಿಗೆ ಒಂದೇ ಒಂದು ತಪಾಸಣೆ ಬಾಕಿ ಇರಬಹುದು, ಹೆಚ್ಚಿದ್ದರೆ ವಾಪಸ್ ಕಳಿಸುತ್ತಾರೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗಿ, ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ಬಿಟ್ಟು ನಿಧಾನಿಸುವಾಗ ಎಷ್ಟೋ ಕಾರುಗಳಲ್ಲಿ ಇಜಿಆರ್ ತಪಾಸಣೆ ನಡೆಯುತ್ತದೆ. ಅಟ್ಲಾಂಟಾದ 285 ಹೆದ್ದಾರಿಯ ಸಂಜೆಯ ಟ್ರಾಫಿಕ್ಕಿನಲ್ಲಿ ಅದು ಸಾಧ್ಯವಿಲ್ಲದ ಮಾತು. ಭಾನುವಾರ ಬೆಳಗ್ಗೆ ಹೊರಡುವುದು ಒಳ್ಳೆಯದು. ಮೊದಲ ಸಲ ಫೇಲಾದ ಕೇಂದ್ರಕ್ಕೇ 30 ದಿನಗಳೊಳಗೆ ಹೋದರೆ ಮರುಪರೀಕ್ಷೆಗೆ ಶುಲ್ಕವಿಲ್ಲ.